ಮಂಗಲಳ ಒಂಟಿ ಕಾಲುಚೀಲ

ಮುಚ್ಚಂಡಿಯ ಹೊರಗಿನ ಕುರಿದಡ್ಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಾಲಿಮುಳ್ಳಿನ ಬೇಲಿಯೊಳಗೆ ನೂರೈವತ್ತು ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಸೈಕಲ್ಲನ್ನು ಬೇಲಿಗೆ ಒರಗಿಸಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ ಒಳಗೆ ಹೊಕ್ಕ ಮಂಗಲ, ಒಂದೊಂದೇ ಕುರಿಯ ಗದ್ದ ಎತ್ತಿ ಬಾಯಿಗೆ ಜಂತಿನ ಔಷಧ ಹಾಕುತ್ತಾಳೆ. ಔಷಧ ಬಿದ್ದ ಕುರಿಯ ಬೆನ್ನಿಗೆ ಹುರಮಂಜು ಮಣ್ಣಿನ ಕೆಂಪು ಗುರುತು. ಕುರಿ ಹುಲ್ಲಿಗೆ ಬಾಯಿ ಹಾಕುವ ಮೊದಲೇ ಈ ಕೆಲಸ ಮುಗಿಯಬೇಕು. ಸೂರ್ಯ ಮೂಡಿದರೆ ಹಿಂಡು ನಿಲ್ಲುವುದಿಲ್ಲ, ಕುರುಬರೂ ನಿಲ್ಲುವುದಿಲ್ಲ.

ನವರಾತ್ರಿಗೆ ಇನ್ನು ಎಂಟು ದಿನ ಇವೆ. ದಡ್ಡಿಯ ಗಂಡಸರ ಕಣ್ಣು ಮಾತ್ರ ಔಷಧದ ಮೇಲಿಲ್ಲ, ಮಂಗಲಳ ಕಾಲಿನ ಮೇಲಿದೆ. ಬಲಗಾಲಿಗೆ ಮೊಣಕಾಲಿನವರೆಗೆ ಕರಿಯ ಬಿಗಿ ಕಾಲುಚೀಲ. ಎಡಗಾಲು ಬರಿಗಾಲು.

"ಇನ್ನೊಂದ ಎಲ್ಲಿ ಕಳಕೊಂಡಿ ಯವ್ವಾ?" ಎಂದು ಒಬ್ಬರು ಕಾಲೆಳೆಯುತ್ತಾರೆ.

"ಮನ್ಯಾಗ ಐತ್ರಿ. ಅದರ ಪಾಳಿ ಮುಂದಿನ ವಾರ" ಎಂದು ಆಕೆ ಮುಂದಿನ ಕುರಿಯ ಗದ್ದ ಹಿಡಿಯುತ್ತಾಳೆ.

ನಲವತ್ತೆರಡರ ಮಂಗಲ ಪಶುಸಖಿ. ಅಂದರೆ ಪಶುವೈದ್ಯರ ಉಸ್ತುವಾರಿಯಲ್ಲಿ ಊರೂರಿನ ಕುರಿಗಳಿಗೆ ಔಷಧ, ಲಸಿಕೆ ಹಾಕುವವಳು. ಕುರಿ ಕಾಯುವ ಮನೆಯಲ್ಲೇ ಹುಟ್ಟಿ ಕುರಿ ಕಾಯುವ ಮನೆಗೇ ಬಂದವಳು. ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಹದಿನೇಳು ದಡ್ಡಿಗಳು ಅವಳ ಪಾಲಿಗೆ ಬಂದಿವೆ. ಸಾಮಾನ್ಯ ದಿನ ನಲವತ್ತು ಕಿಲೋಮೀಟರು, ಹೆಚ್ಚಿನ ದಿನ ಅರವತ್ತು. ಅದೆಲ್ಲವೂ ಗಿಯರಿಲ್ಲದ ಹಳೆಯ ಸೈಕಲ್ಲಿನ ಮೇಲೆ, ಹಿಂದೆ ಏಳು ಕಿಲೋ ತೂಗುವ ಐಸ್ ಪೆಟ್ಟಿಗೆ ಕಟ್ಟಿಕೊಂಡು. ಮೋಟಾರ್‌ ಸೈಕಲ್ ಯಾಕಿಲ್ಲ ಎಂದು ಕೇಳಿದವರಿಗೆ ಉತ್ತರ ಸಿದ್ಧವಿದೆ: "ನಸಿಕಿನ್ಯಾಗ ಮೋಟಾರ್ ಸಪ್ಪಳ ಕೇಳಿದ್ರ ಕುರಿ ಬೆದರಿ ಬೇಲಿ ಹಾರತಾವ್ರಿ. ಆಮ್ಯಾಲ ಅವನ್ನ ಹಿಡಿಯೂದು ನಾನೋ ನೀವೋ?"

ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಊರು ಹೊಗಳುತ್ತದೆ. ಆ ಕಾಲು ಸಂಜೆಗೆ ಹೇಗಿರುತ್ತದೆ ಎಂಬುದು ಅತ್ತೆ ಅಕ್ಕವ್ವನಿಗೆ ಮಾತ್ರ ಗೊತ್ತು. ಬೆರಳಿನಿಂದ ಒತ್ತಿದರೆ ಗುಳಿ ಬೀಳುವಷ್ಟು ಬಾವು, ಕಲ್ಲಾಗಿ ಕೂತ ಮೀನಖಂಡ.

ಹೋದ ವರ್ಷ ಆ ಮೀನಖಂಡವೇ ಕೈಕೊಟ್ಟಿತು. ದಸರೆ ಮುಗಿದ ಮೇಲೆ ಕುರಿಸಿಡುಬಿನ ಲಸಿಕೆಗೆ ಮೂರು ದಿನದ ಸುತ್ತು ಇರುತ್ತದೆ. ಮೊದಲ ದಿನ ಮುಚ್ಚಂಡಿ, ಎರಡನೆಯ ದಿನ ಬಿಳೂರ, ಮೂರನೆಯ ದಿನ ದೂರದ ಬಾಲಗಾಂವ. ಪೆಟ್ಟಿಗೆಯ ಐಸು ಮೂರು ದಿನಕ್ಕಷ್ಟೇ ಸಾಲುತ್ತದೆ. ಮತ್ತೆ ಲಸಿಕೆ ಬರುವಷ್ಟರಲ್ಲಿ ದೀಪಾವಳಿ ಮುಗಿದು ಹಿಂಡುಗಳು ಕೃಷ್ಣಾ ನದಿಯ ಕಡೆ ಹೊರಟುಬಿಟ್ಟಿರುತ್ತವೆ. ಆ ಮೂರನೆಯ ಮುಂಜಾನೆ ಮಂಗಲ ಎದ್ದು ನಿಲ್ಲಲಾಗದೆ ಗೋಡೆ ಹಿಡಿದು ಕೂತಳು. ಹೇಗೋ ಸಾವರಿಸಿಕೊಂಡು ಬಾಲಗಾಂವ ಮುಟ್ಟಿದಾಗ ದಡ್ಡಿ ಖಾಲಿ. ಹಿಂಡು ಮೇಯಲು ಹೊರಟಾಗಿತ್ತು, ಅದು ಮರಳುವ ಸಂಜೆಯವರೆಗೆ ಐಸು ಉಳಿಯುವಂತಿರಲಿಲ್ಲ. ಹಿಕ್ಕೆ ಇನ್ನೂ ಬೆಚ್ಚಗಿತ್ತು. ಲಸಿಕೆ ಇಲ್ಲದೆ ನದಿಯ ಕಡೆಗೆ ಹೋದ ಆ ದಡ್ಡಿಯ ಹಿರಿಯ ಕುರಿಗಾರ ಬೀರದೇವನ ಹಿಂಡಿಗೆ ಸಿಡುಬು ಬಡಿಯಿತು. ಮೂವತ್ತೊಂದು ಮರಿಗಳು ಹೋದವು.

"ಆ ಕಾಕಾ ನನಗ ಒಂದ ಮಾತ ಬೈಲಿಲ್ರಿ" ಎನ್ನುತ್ತಾಳೆ ಮಂಗಲ. "ಬೈದಿದ್ರ ಚಲೋ ಇತ್ತು."

ಈ ವರ್ಷವೂ ಕಾಲು ಹಾಗೇ ಮಾಡಿದರೆ ಕೆಲಸ ಬಿಟ್ಟುಬಿಡುತ್ತೇನೆ ಎಂದು ಆಕೆ ಅತ್ತೆಯ ಮುಂದೆ ಹೇಳಿಯಾಗಿತ್ತು. ಅಂಥ ಹೊತ್ತಿಗೆ ಸಿಕ್ಕವಳು ರೂಪಾಲಿ. ಜತ್ತದಲ್ಲಿ ಫಿಜಿಯೋಥೆರಪಿ ಮಾಡುವ ಈಕೆಗೆ ರವಿವಾರ ಬಂದರೆ ಇನ್ನೂರು ಕಿಲೋಮೀಟರು ಸೈಕಲ್ ತುಳಿಯುವ ಹುಚ್ಚು. ಬಿಳೂರ ರಸ್ತೆಯ ಏರಿನಲ್ಲಿ ದುಬಾರಿ ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತಿದ್ದಾಗ ಹಿಂದೆ ಗಂಟೆಯ ಸಪ್ಪಳ ಕೇಳಿತಂತೆ. "ತಿರುಗಿ ನೋಡ್ತೀನಿ, ಸೀರಿ ಉಟ್ಟಾರ, ಹಿಂದ ಪೆಟ್ಟಿಗಿ ಐತಿ. ಸರೀರಿ ಅಂದು ನನ್ನ ದಾಟಿ ಹೋಗೇಬಿಟ್ರು" ಎಂದು ರೂಪಾಲಿ ಇವತ್ತಿಗೂ ನಗುತ್ತಾಳೆ. ಮುಂದಿನ ಮರದ ಕೆಳಗೆ ಇಬ್ಬರೂ ನಿಂತಾಗ ಮಂಗಲಳ ಕಣ್ಣು ಬಿದ್ದದ್ದು ರೂಪಾಲಿಯ ಕಾಲುಚೀಲದ ಮೇಲೆ.

ದೂರ ತುಳಿಯುವ ಸವಾರರು ಹಾಕಿಕೊಳ್ಳುವ ಈ ಚೀಲ ಪಾದದ ಗಂಟಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ. ಕೆಳಗೆ ಇಳಿದು ನಿಂತ ರಕ್ತವನ್ನು ಮೇಲಕ್ಕೆ ಒತ್ತಲಿ ಎಂಬ ಲೆಕ್ಕ. ರೂಪಾಲಿ ಮಂಗಲಳ ಪಾದದ ನಾಡಿ ಮುಟ್ಟಿ ನೋಡಿ, ಮೀನಖಂಡದ ಅಳತೆ ತೆಗೆದುಕೊಂಡು ಒಂದು ಜೋಡಿ ತರಿಸಿಕೊಟ್ಟಳು. ಆದರೆ ಸುಳ್ಳು ಭರವಸೆ ಕೊಡಲಿಲ್ಲ. "ಇದನ್ನ ಹಾಕ್ಕೊಂಡ್ರ ಲಗೂನ ಹೋಗ್ತೀರಿ ಅನ್ನಾಕ ಗಟ್ಟಿ ಪುರಾವೆ ಇಲ್ಲ, ಮಂಗಲಕ್ಕ. ಮರುದಿನದ ನೋವು ಒಂದೀಟ ಕಡಿಮಿ ಆಗತೈತಿ ಅಂತ ಕೆಲವರು ಪರೀಕ್ಷಾ ಮಾಡಿ ಹೇಳ್ಯಾರ. ಕೆಲವರು ಅದನ್ನೂ ಒಪ್ಪಂಗಿಲ್ಲ. ನನಗಂತೂ ಹಾಕ್ಕೊಂಡ್ರ ಚಲೋ ಅನಸ್ತೈತಿ."

ಮೊದಲ ದಿನವೇ ಎಡವಟ್ಟು. ಚೀಲ ಜಾರಬಾರದೆಂದು ಮಂಗಲ ಮೇಲಿನ ಅಂಚನ್ನು ಎರಡು ಸುತ್ತು ಮಡಚಿಕೊಂಡಳು. ಸಂಜೆಗೆ ಮೊಣಕಾಲ ಕೆಳಗೆ ಹಗ್ಗದಿಂದ ಬಿಗಿದಂತೆ ಗಾಯ. ಮಡಚಿದರೆ ಅದೇ ಕಟ್ಟಾಗಿ ರಕ್ತ ತಡೆಯುತ್ತದೆ ಎಂದು ರೂಪಾಲಿ ಫೋನಿನಲ್ಲೇ ಗದರಿದಳು.

ಇಷ್ಟಾದ ಮೇಲೂ ಮಂಗಲ ಚೀಲವನ್ನು ಬಿಡಲಿಲ್ಲ, ನಂಬಲೂ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿಯವಳು ಅವಳು. ಹೊಸ ಔಷಧ ಬಂದರೆ ಕುರಿಗಾರರು ಇಡೀ ಹಿಂಡಿಗೆ ಹಾಕುವುದಿಲ್ಲ. ಅರ್ಧಕ್ಕೆ ಹಾಕಿ ಗುರುತು ಮಾಡುತ್ತಾರೆ, ಅರ್ಧ ಬಿಡುತ್ತಾರೆ, ಹದಿನೈದು ದಿನ ನೋಡುತ್ತಾರೆ. "ನನಗ ಇರೂದು ಎರಡ ಕಾಲ್ರಿ. ಒಂದಕ್ಕ ಹಾಕಿದೆ, ಒಂದಕ್ಕ ಬಿಟ್ಟೆ."

ಒಂದು ವಾರ ಬಲಗಾಲು, ಮುಂದಿನ ವಾರ ಎಡಗಾಲು. ಅಳತೆಗೆ ಕಂಬಳಿ ನೂಲು, ಅಳೆಯಲು ಅಕ್ಕವ್ವ. ದಿನಾ ಸಂಜೆ ಎರಡೂ ಮೀನಖಂಡಕ್ಕೆ ನೂಲು ಸುತ್ತಿ ಕತ್ತರಿಸಿ, ಚೀಲದ ಕಾಲಿನದನ್ನು ಒಂದು ಮೊಳೆಗೆ, ಬರಿಗಾಲಿನದನ್ನು ಇನ್ನೊಂದು ಮೊಳೆಗೆ ನೇತುಹಾಕುವುದು. ನೋವು ಎಲ್ಲಿ ಕಡಿಮೆ ಎಂದು ಅತ್ತೆ ಕೇಳಿದರೆ ಸೊಸೆ ಹೇಳಲು ಒಪ್ಪಲಿಲ್ಲ. ಅದಕ್ಕೆ ಆಕೆ ಕೊಡುವ ಕಾರಣ ಕೇಳಿದರೆ ಓದಿದವರೂ ತಲೆದೂಗಬೇಕು.

"ಯಾವುದಕ್ಕ ಔಷಧ ಬಿದ್ದೈತಿ ಅನ್ನೂದು ಕುರಿಗಿ ಗೊತ್ತಿರಂಗಿಲ್ರಿ. ನನ್ನ ಕಾಲಿಗಿ ಗೊತ್ತೈತಿ. ಚೀಲಾ ಹಾಕಿದ ಕಾಲು ಚಲೋ ಐತಿ ಅಂತ ಮನಸು ಸುಳ್ಳ ಹೇಳಬಹುದು. ನೂಲು ಹೇಳಂಗಿಲ್ಲ."

ಹದಿನಾಲ್ಕು ದಿನದ ನೂಲುಗಳನ್ನು ಅಕ್ಕವ್ವ ಅಂಗಳದಲ್ಲಿ ಜೋಡಿಸಿದಳು. ಬರಿಗಾಲಿನ ನೂಲು ಹನ್ನೊಂದು ದಿನ ಅರ್ಧ ಬೆರಳಗಲದಷ್ಟು ಹೆಚ್ಚು ಉದ್ದ. ಮೂರು ದಿನ ಎರಡೂ ಸಮ. ಬಳಿಕ ಎರಡೂ ಕಾಲಿಗೆ ಹಾಕಿಕೊಂಡು ಗಡಿಯಾರ ನೋಡಿ ಬಿಳೂರಿಗೆ ಹೋದರೆ, ಮೊದಲಿನಷ್ಟೇ ಹೊತ್ತು ಹಿಡಿಯಿತು. ಒಂದು ನಿಮಿಷವೂ ಉಳಿಯಲಿಲ್ಲ. ಅಂದರೆ ಚೀಲ ಬಾವನ್ನು ತಡೆದಿತ್ತು, ವೇಗ ಕೊಟ್ಟಿರಲಿಲ್ಲ. ಮಂಗಲಳಿಗೆ ವೇಗ ಬೇಕಾಗಿಯೂ ಇರಲಿಲ್ಲ. ಬೇಕಾಗಿದ್ದದ್ದು ಮೂರನೆಯ ಮುಂಜಾನೆ ಎದ್ದು ನಿಲ್ಲುವ ಕಾಲು.

ದಸರೆ ಮುಗಿಯುತ್ತದೆ. ಸುತ್ತು ಶುರುವಾಗುತ್ತದೆ. ಮೊದಲ ದಿನ ಐವತ್ತು ಕಿಲೋಮೀಟರು, ಎರಡನೆಯ ದಿನ ಅರವತ್ತೆರಡು. ಎರಡೂ ದಿನ ಚೀಲ ಹಾಕಿಕೊಂಡೇ ತುಳಿಯುತ್ತಾಳೆ, ಮನೆಗೆ ಬಂದ ಮೇಲೂ ಮಲಗುವವರೆಗೆ ಬಿಚ್ಚುವುದಿಲ್ಲ. ಮೂರನೆಯ ದಿನ ಎದ್ದವಳು ಹಾಸಿಗೆಯ ಮೇಲೆ ಕೂತೇ ಇರುತ್ತಾಳೆ. ನೆಲಕ್ಕೆ ಕಾಲೂರಲು ಅವಳಿಗೆ ಹೆದರಿಕೆ. ಅಕ್ಕವ್ವ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಮಂಗಲ ಕಾಲೂರುತ್ತಾಳೆ. ನೋವಿದೆ, ಆದರೆ ಕಾಲು ನಿಲ್ಲುತ್ತದೆ.

"ನಿಂತಿ?" ಎನ್ನುತ್ತಾಳೆ ಅತ್ತೆ.

"ನಿಂತೆ ಅತ್ತಿ. ಪೆಟ್ಟಿಗಿ ಕಟ್ಟು."

ಬಾಲಗಾಂವದ ದಾರಿಯಲ್ಲಿ ಎದುರುಗಾಳಿ. ಒಂದೊಂದು ಏರಿನಲ್ಲೂ ಈಗ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಎಂದು ಕಾಯುತ್ತಾಳೆ. ಮೀನಖಂಡ ಹಿಡಿಯುವುದಿಲ್ಲ. ಪೂರ್ವದಲ್ಲಿ ಕೆಂಪು ಮೂಡುತ್ತಿದ್ದಂತೆ ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತಾಳೆ. ಕೊನೆಯ ತಿರುವಿನಲ್ಲಿ ಕಿವಿಗೆ ಬೀಳುವುದು ಬೇಲಿಯೊಳಗಿನಿಂದಲೇ ಬರುವ ಕುರಿಗಳ ಕೂಗು. ಹಿಂಡು ಇನ್ನೂ ಇದೆ. ಸೈಕಲ್ಲಿನ ಮೇಲೆ ಒಬ್ಬಳೇ ನಗುತ್ತ ದಡ್ಡಿಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಬಾಗಿಲ ಮುಳ್ಳನ್ನು ಸರಿಸಲು ಕೋಲು ಎತ್ತಿದ್ದ ಬೀರದೇವ ಕೋಲು ಇಳಿಸುತ್ತಾನೆ. "ಬಾ ಯವ್ವಾ" ಎಂದಷ್ಟೇ ಅನ್ನುತ್ತಾನೆ. ಒಂದೂವರೆ ತಾಸಿನಲ್ಲಿ ನೂರಾ ಎಂಬತ್ತಾರು ಕುರಿಗಳಿಗೆ ಲಸಿಕೆ. ಆಕೆ ಸೂಜಿ ಹಾಕುತ್ತಾಳೆ, ಅವನು ಬೆರಳಿನಿಂದ ಹುರಮಂಜು ಹಚ್ಚುತ್ತಾನೆ. ಒಂದು ಮರಿಗೂ ಲಸಿಕೆ ತಪ್ಪುವುದಿಲ್ಲ.

ಚೀಲ ಗೆದ್ದಿತೇ ಎಂದರೆ ಮಂಗಲ ತಲೆ ಅಲ್ಲಾಡಿಸುತ್ತಾಳೆ. "ಚೀಲದಿಂದ ಆತೋ, ನನ್ನ ಹಟದಿಂದ ಆತೋ ಹೆಂಗ ಹೇಳ್ಲಿ? ಒಂದ ಹಿಂಡ ನೋಡಿ ಔಷಧ ಚಲೋ ಅನ್ನಾಕ ಬರಂಗಿಲ್ರಿ. ತಾಲೂಕಿನ್ಯಾಗ ಹತ್ತ ಮಂದಿ ಸಖಿಯರ ಅದಾರ. ಐದ ಮಂದಿಗಿ ಕೊಟ್ಟು, ಐದ ಮಂದಿಗಿ ಬಿಟ್ಟು ನೋಡಬೇಕು. ನನ್ನ ಆಸೆ ಅಷ್ಟರೀ."

ಆ ಮುಂಜಾನೆಯದು ಇನ್ನೊಂದು ಮಾತಿದೆ, ಅದನ್ನು ಆಕೆ ತಾನಾಗಿ ಹೇಳುವುದಿಲ್ಲ, ಸೈಕಲ್ಲಿನ ಹಿಂದಿನ ಮಡ್‌ಗಾರ್ಡ್ ನೋಡಿ ಕೇಳಬೇಕು. ಹಿಂಡು ಹೊರಟ ಮೇಲೆ ಬೀರದೇವನ ಬೆರಳಿನಲ್ಲಿ ಒಂದಿಷ್ಟು ಹುರಮಂಜು ಉಳಿದಿತ್ತು. ಅವನು ಸುಮ್ಮನೆ ಬಂದು ಅದನ್ನು ಆ ಮಡ್‌ಗಾರ್ಡಿಗೆ ಒರೆಸಿ, "ಇದೂ ನಮ್ಮ ಹಿಂಡಿನದ" ಎಂದು ಕುರಿಗಳ ಹಿಂದೆ ನಡೆದುಬಿಟ್ಟ.

ಕೆಂಪು ಗುರುತು ಇನ್ನೂ ಹಾಗೇ ಇದೆ. "ವಾರಕ್ಕೊಮ್ಮಿ ಸೈಕಲ್ ತೊಳೀತೇನ್ರಿ," ಎನ್ನುತ್ತಾಳೆ ಮಂಗಲ, "ಅಷ್ಟ ಜಾಗಾ ಬಿಟ್ಟು."