ತಂಗಿಯ ಸೀನಿಗೆ ನಾನು ಕೊಟ್ಟ ಗುಳಿಗೆ

ನಾನು ಐದನೇ ತರಗತಿಗೇ ಶಾಲೆ ಬಿಟ್ಟು ದೋಣಿ ಹತ್ತಿದವನು. ಹಾರವಾಡದ ನಮ್ಮ ಮನೆಯಲ್ಲಿ ಹತ್ತನೆಯವರೆಗೆ ಓದಿದವಳು ತಂಗಿ ಒಬ್ಬಳೇ. ಟೀಚರ್ ಆಗುತ್ತೇನೆ ಎನ್ನುತ್ತಿದ್ದಳು. ಅವಳಿಗಿದ್ದ ಕಷ್ಟ ಮೂಗಿನದು. ಬೆಳಗಿನ ಜಾವ ಎದ್ದ ಕೂಡಲೇ ಸೀನು ಶುರು, ಒಂದಲ್ಲ, ಹತ್ತು ಹನ್ನೆರಡು. ಕಣ್ಣು ಕೆಂಪಾಗಿ ಮೂಗು ಸುರಿಯುತ್ತಿತ್ತು.

ನಾನು ದೋಣಿಗೆ ಹೊರಡುವುದೂ ಅದೇ ಹೊತ್ತಿಗೆ. ಹೊರಟವನ ಬೆನ್ನಿಗೆ ಸೀನು ಬಿದ್ದರೆ ನಮ್ಮಲ್ಲಿ ಅಪಶಕುನ, ಒಳಗೆ ಬಂದು ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಎದ್ದರೆ ಮತ್ತೆ ಸೀನು. ಮತ್ತೆ ನೀರು. ದಂಡೆಯಲ್ಲಿ ಜೊತೆಗಾರರು ಕಾಯುತ್ತಿದ್ದರು.

"ಎಂಥದಾ, ಇವತ್ತೆಷ್ಟು ಚೊಂಬು ನೀರು ಕುಡ್ದೆ?" ಎಂದು ಒಬ್ಬ ಕೇಳಿದರೆ, "ಇವ್ನ ತಂಗಿ ಮೂಗನ್ನೇ ದೋಣಿಗೆ ಕಟ್ಟುವಾ ಮಾರಾಯಾ, ಎಂಜಿನ್ನೇ ಬ್ಯಾಡ" ಎಂದು ಇನ್ನೊಬ್ಬ ಸೇರಿಸುತ್ತಿದ್ದ.

ನಾನೂ ನಗುತ್ತಿದ್ದೆ. ಬಲೆ ಖಾಲಿ ಬಂದ ದಿನ ಮಾತ್ರ ಯಾರೂ ನಗುತ್ತಿರಲಿಲ್ಲ.

ಅಂಕೋಲೆಯ ಔಷಧಿ ಅಂಗಡಿಯಲ್ಲಿ ಕೇಳಿ ಹಳದಿ ಬಣ್ಣದ ಪುಟ್ಟ ಗುಳಿಗೆ ತಂದೆ. "ನಿದ್ದೆ ಬರ್ತದೆ, ಹುಷಾರಿ" ಎಂದು ಅಂಗಡಿಯವ ಹೇಳಿದ್ದ. ಅದನ್ನು ನಾನು ತಂಗಿಗೆ ಹೇಳಲಿಲ್ಲ. ದಿನಾ ಹೊರಡುವ ಮುಂಚೆ ಅವಳನ್ನು ಎಬ್ಬಿಸಿ ನುಂಗಿಸುತ್ತಿದ್ದೆ. ಸೀನು ಕಡಿಮೆಯಾಯಿತು. ಶಾಲೆಯಲ್ಲಿ ತೂಕಡಿಸುತ್ತಾಳೆ ಎಂದು ಟೀಚರ್ ಹೇಳಿ ಕಳಿಸಿದಾಗಲೂ ಗುಳಿಗೆ ನಿಲ್ಲಿಸಲಿಲ್ಲ.

ಹತ್ತನೆಯ ಗಣಿತ ಪರೀಕ್ಷೆಯ ಬೆಳಿಗ್ಗೆ ಒಂದು ಗುಳಿಗೆಗೆ ಸೀನು ನಿಲ್ಲಲಿಲ್ಲ. ಇನ್ನೊಂದು ಕೊಟ್ಟೆ.

"ಅಣ್ಣಾ, ಇವತ್ತು ಬ್ಯಾಡ. ತಲೆ ಭಾರ ಆಗ್ತದೆ."

"ಸೀನ್ತಾ ಸೀನ್ತಾ ಪೇಪರ್ ಬರೀತ್ಯೇನೆ? ನುಂಗು."

ಅವಳ ಪೇಪರಿನ ಚಿಂತೆ ನನಗಿರಲಿಲ್ಲ. ಹಿಂದಿನ ಎರಡು ದಿನ ಬಲೆಗೆ ಏನೂ ಬಿದ್ದಿರಲಿಲ್ಲ, ಅಷ್ಟೇ.

ಅರ್ಧ ಪೇಪರ್ ಬರೆದು ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆಹೋದಳಂತೆ. ಫೇಲಾದಳು. ಇನ್ನೊಮ್ಮೆ ಕಟ್ಟು ಎಂದು ಹೆತ್ತ ಆಯಿ ಎಷ್ಟು ಹೇಳಿದರೂ, "ನಾನು ದಡ್ಡಿ, ನನ್ನ ತಲೆಗೆ ಹತ್ತೂದಿಲ್ಲ" ಎಂದು ಒಣಮೀನಿನ ಬುಟ್ಟಿ ಹೊತ್ತಳು. ಒಣಮೀನಿನ ಧೂಳಿಗೆ ಸೀನು ಇನ್ನಷ್ಟು ಹೆಚ್ಚಿತು.

ಮೂರು ವರ್ಷದ ಮೇಲೆ ಅವಳನ್ನು ಕಾರವಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಳೆಯ ಗುಳಿಗೆ ನೋಡಿ ಅವರು, "ಇದು ನಿದ್ದೆ ಬರೋ ಗುಳಿಗೆ. ದಿನಾ ಬೆಳಿಗ್ಗೆ ತಗೊ ಅಂತ ಹೇಳಿದ್ದು ಯಾರು?" ಎಂದು ಕೇಳಿದರು. ಮಂಪರು ಕಡಿಮೆ ಇರುವ ಬೇರೆ ಗುಳಿಗೆ ಬರೆದುಕೊಟ್ಟರು. ತಂಗಿ ನನ್ನ ಮುಖ ನೋಡಿದಳು.

ಬಸ್ಸು ತೋಡೂರು ದಾಟಿದ ಮೇಲೆ ಹೇಳಿದೆ. "ಅಂಗಡಿಯವ ಆವಾಗ್ಲೇ ಹೇಳಿದ್ದ. ನಾನೇ ನಿಂಗೆ ಹೇಳ್ಲಿಲ್ಲ."

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. "ಹಂಗಾರೆ ನಾನು ದಡ್ಡಿ ಅಲ್ಲ."

"ಅಲ್ಲ."

ನನ್ನ ಕಡೆ ತಿರುಗಿ ಕೇಳಿದಳು. "ಗಣಿತ ಪೇಪರ್ ದಿನ ನಿಮ್ಗೆ ಮೀನಾದ್ರೂ ಸಿಕ್ಕಿತ್ತೋ?"

ಆ ದಿನ ದೋಣಿ ತುಂಬ ತಾರ್ಲೆ ಮೀನು ಬಿದ್ದಿತ್ತು.

"ನೆನಪಿಲ್ಲ" ಎಂದೆ.