ಹಲಗೆ ಹಾಕುವ ಹೊತ್ತು

ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯ ಕಟುವಾಸನೆ ಮೂಗಿಗೆ ತಗುಲಿದರೆ ಸಾಕು, ಅಮ್ಮಮ್ಮನ ಮನೆಯ ಜಗಲಿ ಈಗಲೂ ಕಣ್ಣೆದುರು ಬಂದು ನಿಲ್ಲುತ್ತದೆ. ಮೊನ್ನೆ ತೆಕ್ಕಟ್ಟೆಗೆ ಪಡುವಣದಲ್ಲಿರುವ ನಮ್ಮೂರ ಕೆರೆಯ ದಂಡೆಯಲ್ಲಿ, ಮೀನುಗಾರ ಶೀನಣ್ಣನ ದೋಣಿಯ ಚಪ್ಪರದೊಳಗೆ ಕಾಲಿಟ್ಟಾಗ ಅದೇ ವಾಸನೆ. ಮೂಲೆಯಲ್ಲಿ ಹಳೆಯ ಹಲಗೆಗಳು ಎಣ್ಣೆ ಕುಡಿದು ಕಪ್ಪಗೆ ಮಿರುಗುತ್ತ ಒರಗಿ ನಿಂತಿದ್ದವು. ಅವು ಒರಗಿ ನಿಲ್ಲುತ್ತಿದ್ದ ಜಗಲಿ ಇಂದು ಇಲ್ಲ. ಅವು ಇಳಿಯುತ್ತಿದ್ದ ಸೇತುವೆಯೂ ಇಲ್ಲ.

ಅಮ್ಮಮ್ಮನ ಮನೆ ಸೇತುವೆಯ ತಲೆಯಲ್ಲೇ ಇತ್ತು. ಕೆರೆ ಹೊಳೆಗೆ ಕೂಡುವ ಬಾಯಿಗೆ ಅಡ್ಡಲಾಗಿ ಕಟ್ಟಿದ್ದ ಆ ಸೇತುವೆಯ ಕಂಬಗಳಲ್ಲಿ ಉದ್ದುದ್ದನೆಯ ಗಾಡಿಗಳನ್ನು, ಅಂದರೆ ಹಲಗೆ ಕೂರುವ ಸೀಳುಗಳನ್ನು, ಕೊರೆದಿದ್ದರು. ಮಳೆಗಾಲ ಮುಗಿದ ಮೇಲೆ ಅವುಗಳಲ್ಲಿ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿದರೆ, ಕಡಲಿನ ಭರತದೊಂದಿಗೆ ಏರಿಬರುವ ಉಪ್ಪುನೀರು ಅಲ್ಲಿಯೇ ನಿಲ್ಲುತ್ತಿತ್ತು. ಮುಂದಿನ ಮಳೆಯವರೆಗೆ ಕೆರೆ ಸಿಹಿ, ಸುತ್ತಲಿನ ಬಾವಿಗಳೂ ಸಿಹಿ. ಹಲಗೆ ಹಾಕುವ ದಿನವನ್ನು ಯಾವ ಪಂಚಾಂಗವೂ ಹೇಳುತ್ತಿರಲಿಲ್ಲ, ನಾಲಿಗೆ ಹೇಳುತ್ತಿತ್ತು. ಗದ್ದೆಯವರ ಪರವಾಗಿ ಅಮ್ಮಮ್ಮ, ಬಲೆಯವರ ಪರವಾಗಿ ಶೀನಣ್ಣ, ಇಬ್ಬರೂ ಸೇತುವೆಯ ಕೆಳಗಿಳಿದು ಬೊಗಸೆಯಲ್ಲಿ ನೀರೆತ್ತಿ ರುಚಿ ನೋಡಬೇಕು, ಇಬ್ಬರೂ ಒಪ್ಪಬೇಕು. ಬೇಗ ಹಾಕಿದರೆ ಹೊಳೆಯ ಮೀನು ಒಳಗೆ ಬಾರದು, ತಡವಾದರೆ ಗದ್ದೆ ಕೆಡುತ್ತದೆ.

"ಇನ್ನ್ ನಾಕ್ ದಿನ ಬಿಡಿ, ಅಮ್ಮ. ಮೀನ್ ಒಳಗ್ ಬರ್ಕ್ ಅಲ್ದಾ," ಎನ್ನುತ್ತಿದ್ದ ಶೀನಣ್ಣ.

"ಮೀನಿನ್ ಬೆನ್ನಿಗೆ ಉಪ್ಪೂ ಬತ್ತಿಲ್ಯಾ? ನಿನ್ ನಾಲ್ಗಿಗೆ ಕಡ್ಲೂ ಚಪ್ಪಿಯೇ, ಶೀನ."

ಆಮೇಲೆ ಅಮ್ಮಮ್ಮ ತನ್ನ ಬೊಗಸೆಯನ್ನು ನನ್ನ ತುಟಿಗೆ ಹಿಡಿಯುತ್ತಿದ್ದಳು. "ನೀ ಹೇಳ್ ಹೆಣ್ಣೆ, ಉಪ್ಪಾ ಚಪ್ಪಿಯಾ?" ನಾನು ನೀರಿನ ರುಚಿಗಿಂತ ಮೊದಲು ಅವಳ ಮುಖ ನೋಡಿ, ಅಲ್ಲಿ ಬರೆದಿದ್ದುದನ್ನೇ ಹೇಳುತ್ತಿದ್ದೆ. ಶೀನಣ್ಣನಿಗೆ ಅದು ತಿಳಿದಿತ್ತು. ನಕ್ಕು, ಮರುದಿನವೇ ಹಲಗೆ ಹೊರಲು ಬರುತ್ತಿದ್ದ.

ಹೊಸ ಸೇತುವೆ ಬೇಡವೆಂದು ನಾನು ಎಂದೂ ಹೇಳಿದವಳಲ್ಲ. ಹಳೆಯದರ ಹೊಟ್ಟೆಯಿಂದ ತುಕ್ಕು ಹಿಡಿದ ಸರಳುಗಳು ಹೊರಬಂದಿದ್ದವು. ಬಸ್ಸಿನವರು ಜನರನ್ನು ಈಚೆಯಲ್ಲೇ ಇಳಿಸಿ ನಡೆಸುತ್ತಿದ್ದರು. ಮನವಿ ಬರೆದವಳು ನಾನೇ, ಮನೆಮನೆಗೆ ಹೋಗಿ ಸಹಿ ಹಾಕಿಸಿದವಳೂ ನಾನೇ. ಸೇತುವೆಯೊಂದಿಗೆ ಕೆರೆಯ ಪರಿಸರವನ್ನೂ ಪುನಶ್ಚೇತನಗೊಳಿಸುತ್ತೇವೆ ಎಂದು ಇಲಾಖೆಯವರು ಹೇಳಿದಾಗ, ಅಮ್ಮಮ್ಮ ತೀರಿಕೊಂಡ ಮೇಲೆ ಬೀಗ ಬಿದ್ದಿದ್ದ ಆ ಮನೆಯನ್ನು ಕೂಡುರಸ್ತೆಗೆ ಬಿಟ್ಟುಕೊಡಲು ನಾವು ಎರಡು ಮಾತಾಡಲಿಲ್ಲ.

ಪುನಶ್ಚೇತನವೆಂದರೆ ಏನೆಂದು ಆಮೇಲೆ ಕಂಡೆವು. ದಂಡೆಯನ್ನು ಹಿಡಿದು ನಿಲ್ಲಿಸಿದ್ದ ಕಾಂಡ್ಲಾ ಗಿಡಗಳನ್ನು ಕಸವೆಂದು ಕಿತ್ತರು. ಮೀನು ಮೊಟ್ಟೆಯಿಡುತ್ತಿದ್ದ ಕೆಸರಿನ ಮೇಲೆ ಕಾಂಕ್ರೀಟು ಸುರಿದು ವಾಯುವಿಹಾರದ ದಾರಿ ಮಾಡಿದರು. ಒಡೆದ ಹಳೆಯ ಸೇತುವೆಯ ಅರ್ಧವನ್ನು ಕೆರೆಯೊಳಗೇ ಬಿಟ್ಟು, ಅದರ ಎದುರಿಗೆ 'ಕೆರೆಯನ್ನು ಸ್ವಚ್ಛವಾಗಿಡಿ' ಎಂಬ ಫಲಕ ನೆಟ್ಟರು. ಎಲ್ಲಕ್ಕಿಂತ ದೊಡ್ಡ ಅನ್ಯಾಯ ಕಣ್ಣಿಗೆ ಬೀಳುವಂಥದ್ದಲ್ಲ: ಹೊಸ ಕಂಬಗಳು ನುಣ್ಣಗಿವೆ, ಹಲಗೆ ಇಳಿಸಲು ಒಂದೇ ಒಂದು ಗಾಡಿಯಿಲ್ಲ. ಕೇಳಲು ಹೋದಾಗ ಎಂಜಿನಿಯರು ಕಡತ ತೆರೆದು ನನ್ನದೇ ಅಕ್ಷರಗಳನ್ನು ನನಗೆ ತೋರಿಸಿದರು. "ನಿಮ್ಮ ಮನವಿಯಲ್ಲಿ ಹಲಗೆಯ ವಿಷಯವೇ ಇಲ್ಲವಲ್ಲ, ಮೇಡಂ." ನಿಜ. ನಮಗೆ ಅದು ಉಸಿರಾಟದಷ್ಟು ಸಹಜವಾಗಿತ್ತು. ಉಸಿರಾಡಲು ಬಿಡಿ ಎಂದು ಯಾರು ಬರೆದುಕೊಡುತ್ತಾರೆ? ಆದರೆ ಕೆರೆಯ ಬಾಯಿಗೆ ಕೈಯಿಡುವವರು ಒಂದು ವರ್ಷವಾದರೂ ಅದರ ದಂಡೆಯಲ್ಲಿ ನಿಂತು ನೋಡಬಾರದಿತ್ತೆ? ಮರೆತ ತಪ್ಪು ನನ್ನದು, ಕೇಳದ ತಪ್ಪು ಅವರದು, ಶಿಕ್ಷೆ ಮಾತ್ರ ನೀರಿಗೆ.

ಕಳೆದ ಬೇಸಿಗೆಯಲ್ಲಿ ಉಪ್ಪು ಬಾವಿಗಳಿಗೆ ಇಳಿಯಿತು. "ಗಂಜಿಗ್ ಉಪ್ಪ್ ಹಾಕುದೇ ಬ್ಯಾಡ ಈಗ, ಬಾವಿ ನೀರೇ ಸಾಕ್," ಎಂದು ಶೀನಣ್ಣ ಮೊನ್ನೆ ನಗದೆ ಹೇಳಿದ. ಕಂಬಗಳಿಗೆ ಗಾಡಿ ಕೂರಿಸಿಕೊಡಿ ಎಂಬ ನನ್ನ ಎರಡನೆಯ ಮನವಿಗೆ ಇನ್ನೂ ಉತ್ತರವಿಲ್ಲ. ಹಾಗಿದ್ದರೂ ಅವನು ಹಲಗೆಗಳಿಗೆ ಎಣ್ಣೆ ಹಚ್ಚಿದ್ದ.

"ಇನ್ನ್ ಎಂತಕ್ ಹಚ್ಚುದ್, ಶೀನಣ್ಣ?"

"ಗೆದ್ಲ್ ಹಿಡ್ದ್ರೆ ನಿನ್ ಅಮ್ಮಮ್ಮಂಗ್ ಯಾರ್ ಜವಾಬ್ ಕೊಡುದ್?"

ಇಬ್ಬರೂ ಹೊಸ ಸೇತುವೆಯ ಕೆಳಗಿಳಿದೆವು. ಭರತ ಏರುತ್ತಿತ್ತು. ಬಾಗಲಾರದ ಬೆನ್ನನ್ನು ಬಾಗಿಸಿ ಅವನು ನೀರೆತ್ತಿದ, ರುಚಿ ನೋಡಿದ, ಬೊಗಸೆಯನ್ನು ನನ್ನತ್ತ ಚಾಚಿದ. ಅಭ್ಯಾಸಬಲದಿಂದ ನಾನು ಪಕ್ಕಕ್ಕೆ ತಿರುಗಿ ಒಂದು ಮುಖಕ್ಕಾಗಿ ನೋಡಿದೆ. ಅಲ್ಲಿ ನುಣುಪಾದ ಕಂಬವಿತ್ತು. ನೀರನ್ನು ನಾಲಿಗೆಗೆ ಮುಟ್ಟಿಸಿದೆ.

"ಉಪ್ಪು," ಎಂದೆ.