ಕರುವಿಗೆ ಗಿಣ್ಣು, ಕೂಸಿಗೆ ಸಕ್ಕರೆ ನೀರು

ಆ ಮಾತು ಹೇಳಿದ್ದು ನಾನೇ ಎಂದು ಇಷ್ಟು ವರ್ಷ ನಂಬಿದ್ದೆ. ಈಗ ಅನುಮಾನ. ಹೋದ ವಾರ ಯಸಳೂರಿಗೆ ಹೋಗಿದ್ದಾಗ ಚಿಕ್ಕಪ್ಪ ಅದೇ ಮಾತನ್ನು ತಮ್ಮದೆಂದು ಹೇಳಿ, ಕಾಫಿ ಹೀರಿ, ನನ್ನನ್ನೇ ಸಾಕ್ಷಿಗೆ ಕರೆದರು!

ನಡೆದದ್ದು ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ. (ನನ್ನ ನೆನಪನ್ನು ಯಾವ ಕೋರ್ಟೂ ಒಪ್ಪಲಿಕ್ಕಿಲ್ಲ.) ಚಿಕ್ಕಮ್ಮನ ಮಗಳು ಸುಧಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸಕಲೇಶಪುರದ ಆಸ್ಪತ್ರೆಗೆ ಹೋಗಲು ಜೀಪು ಬರುವಷ್ಟರಲ್ಲಿ ಕೂಸೇ ಬಂದುಬಿಟ್ಟಿತು. ದಿನ ತುಂಬಿರಲಿಲ್ಲ.

ಓಡಿಬಂದ ನರ್ಸಮ್ಮ ಕೂಸನ್ನು ನೋಡಿ ಗಂಭೀರರಾದರು. "ತುಂಬಾ ಸಣ್ಣದೈತೆ. ತಾಯಿ ಎದೆಗೆ ಒತ್ತಿ ಬೆಚ್ಚಗಿಡಿ. ಮೊದಲ ಹಾಲು ಕುಡಿಸಿ, ಬೇರೆ ಏನೂ ಬೇಡ. ಇಲ್ದಿದ್ರೆ ಉಳಿಯೋದು ಕಷ್ಟ. ಜೀಪು ಬರೋಷ್ಟರಲ್ಲಿ ವಾಪಸ್ ಬಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ." ಇಷ್ಟು ಹೇಳಿ ಇನ್ನೊಂದು ಹೆರಿಗೆಗೆ ಹೊರಟರು.

ಅವರು ಅತ್ತ ಹೋದದ್ದೇ ತಡ, ಚಿಕ್ಕಮ್ಮ ಚಾರ್ಜ್ ತೆಗೆದುಕೊಂಡರು. "ಮೊದಲ ಹಾಲು ಹಳದಿ ಕಣೋ. ಕೆಟ್ಟದ್ದು. ಹಿಂಡಿ ಚೆಲ್ಲಬೇಕು." ಸಕ್ಕರೆ ನೀರಿನ ಬಟ್ಟಲು, ಅದರಲ್ಲಿ ಅದ್ದಲು ಬಟ್ಟೆಯ ಬತ್ತಿ, ಎರಡೂ ರೆಡಿ.

ಈಗ ತಮಾಷೆ ನೋಡಿ. ಅದೇ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಗೌರಿ ಕರು ಹಾಕಿತ್ತು. ಕರು ಗಿಣ್ಣುಹಾಲು ಕುಡಿದು ಮುಗಿಸುವವರೆಗೆ ಚಿಕ್ಕಮ್ಮ ಯಾರಿಗೂ ಕೆಚ್ಚಲು ಮುಟ್ಟಲು ಬಿಡಲಿಲ್ಲ. ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿ ನೆರೆಮನೆಗಳಿಗೂ ಹಂಚಿದರು. ಅದೂ ಹಳದಿಯೇ! ಹಸುವಿನ ಹಳದಿ ಅಮೃತ, ಮಗಳ ಹಳದಿ ವಿಷ. ಇದು ಯಾವ ಲಾಜಿಕ್ಕು?

ಆಗಲೇ ಹುಟ್ಟಿದ್ದು ಆ ಮಾತು. ನಾನೋ ಚಿಕ್ಕಪ್ಪನೋ, ಯಾರೋ ಒಬ್ಬರು ಹೇಳಿದೆವು: "ಕರೂಗೆ ಗಿಣ್ಣು ಬುಡದಿದ್ರೆ ಸತ್ತೋಗ್ತದೆ ಅಂತ ನೀನೇ ಬಡ್ಕೊಂಡೆಯಲ್ಲ, ನಮ್ ಕೂಸು ಕರೂಗಿಂತ ಕಡೆನಾ?"

(ನಾನಾಗಿದ್ದರೆ "ಬಡ್ಕೊಂಡಿರಲ್ಲ" ಅನ್ನಬೇಕಿತ್ತು. ಚಿಕ್ಕಮ್ಮನಿಗೆ ಏಕವಚನವೇ? ಅನುಮಾನ ಶುರುವಾದದ್ದೇ ಇಲ್ಲಿ.)

ಚಿಕ್ಕಮ್ಮ ಬಗ್ಗಲಿಲ್ಲ. "ಕರು ಹುಟ್ಟಿದ ತಕ್ಷಣ ಎದ್ದು ಓಡ್ತದೆ. ನಿಮ್ ಕೂಸು ಓಡ್ತದಾ?"

"ಓಡಲ್ಲ ಅಂತಲೇ ಹಾಲು ಬೇಕು ಕಣೆ!" ಇದು ಮಾತ್ರ ಚಿಕ್ಕಪ್ಪನದೇ.

ನಾನು ಹೊಸದಾಗಿ ಎಂ.ಎ. ಮುಗಿಸಿ ಬಂದವನು. ಹಸು ಸಾಕಿ ಗೊತ್ತಿಲ್ಲ, ಕೂಸು ಎತ್ತಿ ಗೊತ್ತಿಲ್ಲ, ಅಭಿಪ್ರಾಯ ಮಾತ್ರ ಗಟ್ಟಿ. ಮೂಢನಂಬಿಕೆಯ ಮೇಲೆ ಲೆಕ್ಚರ್ ಕೊಟ್ಟೆ. ನಡುನಡುವೆ ಗಿಣ್ಣು ತಿಂದೆ. ಕೊನೆಗೆ ಚಿಕ್ಕಮ್ಮ ಸೋತರು ಎಂಬುದು ನನ್ನ ನೆನಪು. ಅವರನ್ನೇ ಕೇಳಿದರೆ, "ಕುಡಿಸ್ದೋಳೇ ನಾನು ಮಾರಾಯ, ನೀವೆಲ್ಲಿದ್ರಿ?" ಅನ್ನುತ್ತಾರೆ!

ನಮ್ಮ ಗುಡ್ಡಗಳಲ್ಲಿ ಹಸುಗೂಸುಗಳು ಉಳಿಯದಿದ್ದಾಗ ರಸ್ತೆಯನ್ನು ಬೈಯುತ್ತೇವೆ, ಡಾಕ್ಟರಿಲ್ಲ ಎಂದು ಬೈಯುತ್ತೇವೆ. ಬೈಯಲೇಬೇಕು. ಆದರೆ ಹಜಾರದಿಂದ ಬಾಣಂತಿ ಕೋಣೆಯವರೆಗಿನ ದಾರಿ ಯಾವ ಇಲಾಖೆಯದು?

ಮೂವರ ನೆನಪೂ ಹೊಂದದೆ ಮೊನ್ನೆ ಸುಧಾಳಿಗೇ ಫೋನ್ ಮಾಡಿದೆ. ನಕ್ಕಳು. "ಅಣ್ಣ, ನೀವು ಮೂರೂ ಜನ ಹೊರಗೆ ಕೂಗಾಡ್ತಿದ್ರಿ. ನಾನು ಬಾಗ್ಲು ಹಾಕ್ಕೊಂಡು ಕುಡಿಸ್ಬುಟ್ಟೆ."

ಸಂಶಯ ನನ್ನ ಹುಟ್ಟುಗುಣ. ಈಗ ರಿಟೈರ್ ಆಗಿರುವ ನರ್ಸಮ್ಮನನ್ನೂ ಹುಡುಕಿ ಕೇಳಿದೆ. ಹೌದಂತೆ: ಅವರು ವಾಪಸ್ ಬಂದಾಗ ಕೂಸು ಹಾಲು ಕುಡಿದು ತಾಯಿಯ ಎದೆಯ ಮೇಲೆ ಮಲಗಿತ್ತು, ನಾವು ಮೂವರೂ ಇನ್ನೂ ಹಜಾರದಲ್ಲೇ ವಾದಿಸುತ್ತಿದ್ದೆವು.